ದ್ವೀಪ ತೇಲುವುದಿಲ್ಲ: ನೆಲ, ನೀರಿನ ರೂಪಗಳನ್ನು ಪುಟ್ಟ ಮಕ್ಕಳಿಗೆ ಮಾದರಿಗಳಿಂದ ಕಲಿಸುವ ಸಮಗ್ರ ಮಾರ್ಗದರ್ಶಿ

"ಮಾದರಿ ಮಾಡಿ ತೋರಿಸಿದೆವು, ಹೆಸರನ್ನೂ ಹೇಳಿಕೊಟ್ಟೆವು, ವಾರ ಕಳೆದ ಮೇಲೆ ಕೇಳಿದರೆ ಮಗುವಿಗೆ ಒಂದೂ ನೆನಪಿಲ್ಲ." ಈ ಮಾತನ್ನು ಶಿಕ್ಷಕರಿಂದಲೂ ತಂದೆತಾಯಂದಿರಿಂದಲೂ ಮತ್ತೆ ಮತ್ತೆ ಕೇಳುತ್ತಿದ್ದೇನೆ. ಅವರ ಮಾದರಿಗಳಲ್ಲಿ ಅಂದಕ್ಕೇನೂ ಕೊರತೆಯಿರುವುದಿಲ್ಲ. ಹಸಿರು ಹುಲ್ಲು, ಪುಟ್ಟ ಮರ, ನೀಲಿ ಬಣ್ಣ ಕಲಸಿದ ನೀರು ಎಲ್ಲವೂ ಇರುತ್ತವೆ. ಕೆಡುವುದು ಕ್ರಮದಲ್ಲಿ. ಮಗು ಬಂದು ಕೂರುವ ಮೊದಲೇ ತಟ್ಟೆಗೆ ನೀರು ತುಂಬಿರುತ್ತಾರೆ, ಒಂದೇ ದಿನ ಆರು ಹೆಸರು ಹೇಳಿ ಮುಗಿಸಿರುತ್ತಾರೆ, ಮಾದರಿಗಿಂತ ಮುಂಚೆ ಗೋಡೆಯ ನಕ್ಷೆಯನ್ನು ತೋರಿಸಿರುತ್ತಾರೆ.

ಈ ಪಾಠದ ಹುರುಳು ಇಷ್ಟೇ: ನೆಲದ ಪ್ರತಿಯೊಂದು ಆಕಾರಕ್ಕೂ ನೀರಿನಲ್ಲಿ ಒಂದು ಜೋಡಿ ಇದೆ. ದ್ವೀಪದಲ್ಲಿ ನೆಲವಿರುವ ಕಡೆ ನೀರನ್ನೂ ನೀರಿರುವ ಕಡೆ ನೆಲವನ್ನೂ ಇಟ್ಟರೆ ಸರೋವರವಾಗುತ್ತದೆ. ಇದನ್ನು ಮಗು ಕೈಯಾರೆ ಮಾಡಿ ಕಂಡುಕೊಂಡರೆ ಹೆಸರು ತಾನಾಗಿಯೇ ನಿಲ್ಲುತ್ತದೆ. ಕೆಳಗಿನ ಹಂತಗಳು ಮೂರೂವರೆಯಿಂದ ಆರು ವರ್ಷದ ಮಕ್ಕಳಿಗೆ ಹೊಂದುತ್ತವೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಬೇಕಾಗುವ ಸಾಮಗ್ರಿ

ಒಂದೇ ಅಳತೆಯ ಎರಡು ತಟ್ಟೆಗಳು ಬೇಕು. ಒಳಅಳತೆ ಸುಮಾರು 20 × 15 ಸೆಂಟಿಮೀಟರ್, ಆಳ 4 ಸೆಂಟಿಮೀಟರ್ ಇದ್ದರೆ ಸಾಕು. ತಳ ಸಮತಟ್ಟಾಗಿರಲಿ, ಗೋಡೆಗಳು ನೆಟ್ಟಗಿರಲಿ. ತಳದಲ್ಲಿ ಹೂವಿನ ಉಬ್ಬುಕೆತ್ತನೆ ಇರುವ ತಟ್ಟೆಯಾದರೆ ಜೇಡಿ ಅಂಟುವುದಿಲ್ಲ, ನೀರು ಅಡಿಗೆ ನುಸುಳುತ್ತದೆ. ದೊಡ್ಡ ತಟ್ಟೆಯ ಆಸೆಗೂ ಬೀಳಬೇಡಿ. ನೀರು ತುಂಬಿದ ದೊಡ್ಡ ತಟ್ಟೆಯನ್ನು ಮಗು ಎತ್ತಲಾರದು, ಕೊನೆಗೆ ಎಲ್ಲ ಕೆಲಸವೂ ದೊಡ್ಡವರ ಕೈಗೆ ಬರುತ್ತದೆ.

ನೆಲಕ್ಕೆ ಎಣ್ಣೆ ಬೆರೆಸಿದ ಮಾಡೆಲಿಂಗ್ ಕ್ಲೇ ಬಳಸಿ (ಇಲ್ಲಿ ಜೇಡಿ ಎಂದರೆ ಇದೇ). ಅದು ನೀರಿನಲ್ಲಿ ಕರಗುವುದಿಲ್ಲ, ಒಣಗಿ ಬಿರಿಯುವುದೂ ಇಲ್ಲ, ವರ್ಷಗಟ್ಟಲೆ ಉಳಿಯುತ್ತದೆ. 20 × 15 ತಟ್ಟೆಯನ್ನು ಪೂರ್ತಿ ಮುಚ್ಚುವ 2 ಸೆಂಟಿಮೀಟರ್ ದಪ್ಪದ ಹಾಳೆಗೆ ಸುಮಾರು 1 ಕಿಲೋ ಬೇಕಾಗುತ್ತದೆ. ಒಂದು ಜೋಡಿ ಮಾದರಿಗೆ ಅಷ್ಟೇ ಸಾಕು. ಹಿಟ್ಟಿನ ಕಣಕ ಅರ್ಧ ಗಂಟೆಯಲ್ಲಿ ಲೋಳೆಯಾಗುತ್ತದೆ, ಹಸಿ ಜೇಡಿಮಣ್ಣು ನೀರನ್ನು ರಾಡಿ ಮಾಡುತ್ತದೆ, ಮರಳಿನ ದಡ ಮೊದಲ ಸುರಿತಕ್ಕೇ ಕುಸಿಯುತ್ತದೆ. ಮರಳಿನಲ್ಲಿ ಆಡುವುದು ಒಳ್ಳೆಯದೇ, ಆದರೆ ಈ ಪಾಠಕ್ಕೆ ದಡ ಸ್ಪಷ್ಟವಾಗಿರಬೇಕು.

ಥರ್ಮೋಕೋಲ್ ಮಾತ್ರ ಖಂಡಿತ ಬೇಡ. ನಾನು ಮೊದಲ ವರ್ಷ ಥರ್ಮೋಕೋಲಿನಿಂದಲೇ ದ್ವೀಪ ಕತ್ತರಿಸಿ ಅಂಟಿಸಿದ್ದೆ. ನೀರು ಬಿದ್ದ ಎರಡನೆಯ ನಿಮಿಷಕ್ಕೆ ಅಂಟು ಬಿಟ್ಟು ದ್ವೀಪ ಮೇಲೆದ್ದಿತು. ನೋಡುತ್ತಿದ್ದ ಹುಡುಗಿ ಅದನ್ನು ಬೆರಳಿನಿಂದ ತಳ್ಳಿ ತಟ್ಟೆಯ ಆ ತುದಿಯಿಂದ ಈ ತುದಿಗೆ ಓಡಿಸಿದಳು. ದ್ವೀಪ ಎಂದರೆ ನೀರಿನ ಮೇಲೆ ತೇಲುವ ನೆಲ ಎಂದು ಅವಳು ಅಂದು ಕಲಿತಳು. ಅದನ್ನು ಅವಳ ಮನಸ್ಸಿನಿಂದ ತೆಗೆಯಲು ಎಷ್ಟೋ ವಾರ ಬೇಕಾಯಿತು. ಈ ತಪ್ಪು ಕಲ್ಪನೆ ಮಕ್ಕಳಲ್ಲಿ ಮೊದಲೇ ಇರುತ್ತದೆ, ಚಿತ್ರದಲ್ಲಿ ನೋಡಿದಾಗ ದ್ವೀಪ ತೇಲುತ್ತಿರುವಂತೆಯೇ ಕಾಣುತ್ತದೆ. ನಮ್ಮ ಮಾದರಿ ಅದಕ್ಕೆ ಪುಷ್ಟಿ ಕೊಡಬಾರದು.

ಇವುಗಳ ಜೊತೆಗೆ ಮೂತಿಯಿರುವ ಸಣ್ಣ ಜಗ್, ಸ್ಪಂಜು, ಒಣಬಟ್ಟೆ, ಲಟ್ಟಣಿಗೆ, ಮೊಂಡು ಚಾಕು, ಹೆಬ್ಬೆರಳ ಗಾತ್ರದ ಒಂದು ಆಟಿಕೆ ಆಡು, ಒಂದು ದೋಣಿ, ತಟ್ಟೆಯನ್ನು ಮುಚ್ಚುವಷ್ಟು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮತ್ತು ಮಾರ್ಕರ್ ಪೆನ್ ಇಟ್ಟುಕೊಳ್ಳಿ. ಗಾಜಿನ ಹಾಳೆ ಬೇಡ.

ಹಂತ 1: ಹಾಳೆಯನ್ನು ಸಮನಾಗಿ ಲಟ್ಟಿಸುವುದು

ಜೇಡಿಯನ್ನು ಅಂಗೈಯಲ್ಲಿ ನಾದಿ ಬೆಚ್ಚಗೆ ಮಾಡಿಕೊಳ್ಳಿ. ತಣ್ಣಗಿದ್ದರೆ ಬಿರುಕು ಬಿಡುತ್ತದೆ. ತಟ್ಟೆಯ ತಳದ ಅಳತೆಗೆ 2 ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ. ಎರಡು ಪಕ್ಕದಲ್ಲೂ ಅಷ್ಟೇ ದಪ್ಪದ ಮರದ ಪಟ್ಟಿ ಇಟ್ಟು ಅದರ ಮೇಲೆ ಲಟ್ಟಣಿಗೆ ಉರುಳಿಸಿದರೆ ದಪ್ಪ ತಪ್ಪುವುದಿಲ್ಲ. ಈಗ ಬೆಟ್ಟ, ಗುಡ್ಡ, ಮರ ಏನೂ ಬೇಡ. ಮರವಿದ್ದರೆ ಮಗುವಿನ ಕಣ್ಣು ಮರದ ಮೇಲೆಯೇ ಇರುತ್ತದೆ, ದಡದ ಮೇಲೆ ಬೀಳುವುದಿಲ್ಲ.

ಹಂತ 2: ಒಂದೇ ಹಾಳೆಯಿಂದ ಜೋಡಿಯನ್ನು ಕತ್ತರಿಸುವುದು

ಹೆಚ್ಚಿನವರು ದ್ವೀಪವನ್ನು ಬೇರೆ, ಸರೋವರವನ್ನು ಬೇರೆ ಮಾಡುತ್ತಾರೆ. ಹಾಗೆ ಮಾಡಿದರೆ ಅವೆರಡರ ನಂಟು ಮಗುವಿಗೆ ಕಾಣುವುದಿಲ್ಲ. ಒಂದೇ ಹಾಳೆಯನ್ನು ಮಗುವಿನ ಎದುರಿಗೆ ಕತ್ತರಿಸಿ. ಕತ್ತರಿಸಿ ತೆಗೆದ ತುಂಡು ಒಂದು ತಟ್ಟೆಗೆ, ಉಳಿದ ಹಾಳೆ ಇನ್ನೊಂದಕ್ಕೆ.

ದ್ವೀಪ ಮತ್ತು ಸರೋವರ: ಹಾಳೆಯ ನಡುವೆ ಸುಮಾರು 8 ಸೆಂಟಿಮೀಟರ್ ಅಗಲದ, ಸ್ವಲ್ಪ ಅಂಕುಡೊಂಕಾದ ಉಂಡೆಯನ್ನು ಕತ್ತರಿಸಿ. ಅದನ್ನು ಖಾಲಿ ತಟ್ಟೆಯ ನಡುವೆ ಇಟ್ಟರೆ ದ್ವೀಪ. ತೂತು ಉಳಿದ ಹಾಳೆ ಸರೋವರದ ತಟ್ಟೆ. ಪಕ್ಕಾ ವೃತ್ತವಾಗಿ ಕತ್ತರಿಸಬೇಡಿ. ದುಂಡಗಿದ್ದರೆ ಮಾತ್ರ ದ್ವೀಪ ಎಂದು ಮಗು ಅಂದುಕೊಳ್ಳುತ್ತದೆ.

ಪರ್ಯಾಯ ದ್ವೀಪ ಮತ್ತು ಕೊಲ್ಲಿ: ಇಲ್ಲಿ ಸುತ್ತಿಗೆಯ ಆಕಾರ ಬೇಕು. ತಟ್ಟೆಯ ಕಿರುಬದಿಯ ಉದ್ದಕ್ಕೂ 3 ಸೆಂಟಿಮೀಟರ್ ಅಗಲದ ಪಟ್ಟಿ ಸುತ್ತಿಗೆಯ ತಲೆ, ಅದರಿಂದ ಒಳಕ್ಕೆ ಚಾಚಿದ 5 ಸೆಂಟಿಮೀಟರ್ ಅಗಲ, 11 ಸೆಂಟಿಮೀಟರ್ ಉದ್ದದ ನಾಲಿಗೆ ಅದರ ಹಿಡಿ. ತಲೆಯ ಭಾಗವನ್ನು ಬಿಟ್ಟು ಬರೀ ನಾಲಿಗೆಯನ್ನು ಕತ್ತರಿಸುವುದು ಎಲ್ಲರೂ ಮಾಡುವ ತಪ್ಪು. ಆಗ ಪರ್ಯಾಯ ದ್ವೀಪ ದೊಡ್ಡ ನೆಲಕ್ಕೆ ಅಂಟಿಕೊಳ್ಳುವ ಬದಲು ತಟ್ಟೆಯ ಗೋಡೆಗೆ ಅಂಟಿಕೊಂಡಂತೆ ಕಾಣುತ್ತದೆ. ಸುತ್ತಿಗೆಯ ತಲೆಯಿದ್ದರೆ ಒಂದು ತಟ್ಟೆಯಲ್ಲಿ ಅದು ಮುಖ್ಯ ಭೂಭಾಗ, ಇನ್ನೊಂದರಲ್ಲಿ ಅದೇ ಜಾಗ ತೆರೆದ ಸಮುದ್ರ.

ಭೂಸಂಧಿ ಮತ್ತು ಜಲಸಂಧಿ: ತಟ್ಟೆಯ ಉದ್ದಕ್ಕೆ ಡಮರುಗ ಬರೆಯಿರಿ. ಎರಡೂ ತುದಿ ತಟ್ಟೆಯ ಪೂರ್ತಿ ಅಗಲ, ನಡುವಿನ ಸೊಂಟ 2.5 ಸೆಂಟಿಮೀಟರ್. ಕತ್ತರಿಸಿದ ಡಮರುಗವೇ ಭೂಸಂಧಿಯ ತಟ್ಟೆ: ಎರಡು ದೊಡ್ಡ ನೆಲಗಳು, ನಡುವೆ ಇಕ್ಕಟ್ಟಾದ ನೆಲದ ದಾರಿ. ಎರಡು ಪಕ್ಕಗಳಲ್ಲಿ ಉಳಿದ ಉಬ್ಬು ತುಂಡುಗಳನ್ನು ಅದೇ ಸ್ಥಾನದಲ್ಲಿ ಇನ್ನೊಂದು ತಟ್ಟೆಗಿಟ್ಟರೆ ನಡುವೆ ಇಕ್ಕಟ್ಟಾದ ನೀರಿನ ದಾರಿ, ಜಲಸಂಧಿ.

ದ್ವೀಪಸಮೂಹ ಮತ್ತು ಸರೋವರಗಳ ಗುಂಪು ಸುಲಭ, ಒಂದು ಉಂಡೆಯ ಬದಲು ಐದಾರು ಸಣ್ಣವನ್ನು ಕತ್ತರಿಸಿ. ಭೂಶಿರವನ್ನು, ಅಂದರೆ ಸಮುದ್ರದೊಳಕ್ಕೆ ಚಾಚಿದ ನೆಲದ ತುದಿಯನ್ನು, ಕೊನೆಗೆ ಇಟ್ಟುಕೊಳ್ಳಿ. ಅದು ಪರ್ಯಾಯ ದ್ವೀಪದಿಂದ ಬೇರೆಯಾಗುವುದು ಬಹುಪಾಲು ಗಾತ್ರದಲ್ಲಿ. ಮೊದಲೇ ತಂದರೆ ಎರಡೂ ಕಲಸಿಹೋಗುತ್ತವೆ.

ಹಂತ 3: ಅಂಚು ಒತ್ತುವುದು, ಸೋರಿಕೆ ನೋಡುವುದು

ತಟ್ಟೆಯನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ. ಒಂದು ಹನಿ ತೇವವಿದ್ದರೂ ಜೇಡಿ ಹಿಡಿಯುವುದಿಲ್ಲ. ತುಂಡನ್ನು ಇಟ್ಟ ಮೇಲೆ ದಡದ ಉದ್ದಕ್ಕೂ ಹೆಬ್ಬೆರಳಿನಿಂದ ಕೆಳಮುಖವಾಗಿ ಒತ್ತಿ ತಳಕ್ಕೆ ಸವರಿ. ಸರೋವರದ ತಟ್ಟೆಯಲ್ಲಿ ಹೊರಗಿನ ಗೋಡೆಯ ಸುತ್ತಲೂ ಹೀಗೆಯೇ ಮಾಡಿ.

ಪಾಠದ ಹಿಂದಿನ ದಿನವೇ ನೀರು ಹಾಕಿ ಒಂದು ಗಂಟೆ ಬಿಡಿ. ಸರೋವರದ ಮಟ್ಟ ಇಳಿದಿದ್ದರೆ, ಗೋಡೆಯ ಬದಿಯಲ್ಲಿ ತೆಳುವಾದ ಒದ್ದೆ ಗೆರೆ ಕಂಡರೆ, ಅಥವಾ ಜೇಡಿಯ ಅಡಿಯಿಂದ ಗುಳ್ಳೆ ಏಳುತ್ತಿದ್ದರೆ ಎಲ್ಲೋ ಸೋರುತ್ತಿದೆ. ನೀರು ಚೆಲ್ಲಿ, ಪೂರ್ತಿ ಒಣಗಿಸಿ, ಮತ್ತೆ ಒತ್ತಿ. ನೀರಿರುವಾಗಲೇ ತೇಪೆ ಹಾಕಲು ಹೋದರೆ ಆಗುವುದಿಲ್ಲ.

ನೀರಿನ ಅಳತೆಯನ್ನೂ ಅಂದೇ ಗುರುತಿಸಿಕೊಳ್ಳಿ. ನೀರು 1 ಸೆಂಟಿಮೀಟರ್ ಆಳ ನಿಲ್ಲಬೇಕು, ಅಂದರೆ ನೆಲದ ಅರ್ಧ ದಪ್ಪಕ್ಕೆ. ಮೇಲೆ ಹೇಳಿದ ಅಳತೆಯಲ್ಲಿ ದ್ವೀಪದ ತಟ್ಟೆಗೆ ಸುಮಾರು 250 ಮಿಲಿಲೀಟರ್ ಬೇಕು, ಸರೋವರಕ್ಕೆ ಬರೀ 50. ಈ ವ್ಯತ್ಯಾಸ ಗೊತ್ತಿಲ್ಲದೆ ಎರಡಕ್ಕೂ ಒಂದೇ ಜಗ್ ತುಂಬಿ ಕೊಡುತ್ತಾರೆ. 100 ಮಿಲಿಲೀಟರಿಗೇ ಸರೋವರ ತುಂಬಿ ತುಳುಕುತ್ತದೆ, ಉಳಿದದ್ದು ನೆಲದ ಮೇಲೆ ಹರಿಯುತ್ತದೆ, ಮಗು ಗಾಬರಿಯಾಗುತ್ತದೆ, ಪಾಠ ಅಲ್ಲಿಗೆ ನಿಲ್ಲುತ್ತದೆ. ಪ್ರತಿ ತಟ್ಟೆಗೂ ಬೇಕಾದ ಮಟ್ಟಕ್ಕೆ ಜಗ್ಗಿನ ಹೊರಗೆ ಬಣ್ಣದ ಟೇಪ್ ಅಂಟಿಸಿ. ಪರ್ಯಾಯ ದ್ವೀಪಕ್ಕೆ ಸುಮಾರು 200, ಕೊಲ್ಲಿಗೆ 100.

ನೀರಿಗೆ ಬಣ್ಣ ಬೇಡ. ನೀರನ್ನು ನೀಲಿಯಾಗಿ ತೋರಿಸುವುದು ನಕ್ಷೆಯ ರೂಢಿ. ಅದು ನಕ್ಷೆಯ ಹಂತದಲ್ಲಿ ಬರಲಿ. ತಿಳಿನೀರಾದರೆ ತಟ್ಟೆಯ ತಳ ಕಾಣುತ್ತದೆ, ಅದು ಕಾಣುವುದು ಮುಂದೆ ಬಹಳ ಮುಖ್ಯ.

ಹಂತ 4: ಒಣ ತಟ್ಟೆ, ಬೆರಳು, ಆಮೇಲೆ ನೀರು

ಎರಡೂ ತಟ್ಟೆಗಳನ್ನು ಒಣದಾಗಿಯೇ ಮಗುವಿನ ಮುಂದಿಡಿ. ದ್ವೀಪದ ಅಂಚಿನ ಮೇಲೆ ಎರಡು ಬೆರಳಿಟ್ಟು ನಿಧಾನವಾಗಿ ಒಂದು ಸುತ್ತು ಬನ್ನಿ, ಮಾತಾಡಬೇಡಿ. ಮಗು ಮಾಡಲಿ. ಸರೋವರದ ಅಂಚನ್ನೂ ಹಾಗೆಯೇ ಸವರಲಿ. ಅದೇ ಗೆರೆ, ಅದೇ ತಿರುವು ಎಂದು ಬೆರಳಿಗೆ ಗೊತ್ತಾಗುತ್ತದೆ. ಕೆಲವು ಮಕ್ಕಳು ಇಲ್ಲಿಯೇ ದ್ವೀಪವನ್ನು ಕಿತ್ತು ತೂತಿಗೆ ಕೂರಿಸಿ ನೋಡಲು ಹೊರಡುತ್ತಾರೆ. ಬಿಡಿ, ಅದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಮತ್ತೆ ಒತ್ತಿ ಅಂಟಿಸಿದರಾಯಿತು.

ಈಗ ಮಗುವೇ ನೀರು ಸುರಿಯಲಿ. ದ್ವೀಪದ ತಟ್ಟೆಯ ಮೂಲೆಯಿಂದ, ನಿಧಾನವಾಗಿ. ನೀರು ತಳದಲ್ಲಿ ಹರಡಿ, ದ್ವೀಪದ ಒಂದು ಬದಿಯಿಂದ ಸರಿದು, ಹಿಂದುಗಡೆ ಎರಡು ಕಡೆಯ ನೀರು ಸೇರುವ ಕ್ಷಣ ಒಂದಿದೆ. ಮಗು ಸಾಮಾನ್ಯವಾಗಿ ಆಗ ಸುರಿಯುವುದನ್ನು ನಿಲ್ಲಿಸಿ ನೋಡುತ್ತದೆ. ನೀವೂ ಸುಮ್ಮನಿರಿ. "ನೋಡಿದೆಯಾ, ಸುತ್ತಲೂ ನೀರು!" ಎಂದು ಕೂಗಿದರೆ ಅದು ನಿಮ್ಮ ಮಾತಾಗುತ್ತದೆ, ಮಗುವಿನ ಕಾಣ್ಕೆಯಾಗಿ ಉಳಿಯುವುದಿಲ್ಲ.

ಒಂದು ಎಚ್ಚರಿಕೆ. ಕೆಲವೇ ಸೆಂಟಿಮೀಟರ್ ನೀರೂ ಪುಟ್ಟ ಮಕ್ಕಳ ಜೀವಕ್ಕೆ ಅಪಾಯ ತರಬಲ್ಲದು. ನೀರಿನ ತಟ್ಟೆ, ಬಕೆಟ್ ಇದ್ದ ಕಡೆ ಮಗುವನ್ನು ಒಂಟಿಯಾಗಿ ಬಿಟ್ಟು ಏಳಬೇಡಿ. ನೆಲಕ್ಕೆ ಚೆಲ್ಲಿದ್ದನ್ನು ಆಗಲೇ ಒರೆಸಿ. ಇನ್ನೂ ಎಲ್ಲವನ್ನೂ ಬಾಯಿಗಿಡುವ ಮಗುವಿಗೆ ಈ ಜೇಡಿಯನ್ನೂ ಸಣ್ಣ ಆಟಿಕೆಗಳನ್ನೂ ಕೊಡಬೇಡಿ.

ಹಂತ 5: ಆಡು ಮತ್ತು ದೋಣಿ

ಇಡೀ ಪಾಠದ ಜೀವ ಇಲ್ಲಿದೆ. ವ್ಯಾಖ್ಯಾನ ಹೇಳಿಕೊಡುವ ಬದಲು ಎರಡು ಪ್ರಶ್ನೆ ಕೇಳಿ: ಆಡು ಕಾಲು ಒದ್ದೆ ಮಾಡಿಕೊಳ್ಳದೆ ಎಲ್ಲೆಲ್ಲಿಗೆ ಹೋಗಬಹುದು? ದೋಣಿ ನೆಲಕ್ಕೆ ತಾಗದೆ ಎಲ್ಲೆಲ್ಲಿಗೆ ಹೋಗಬಹುದು?

ದ್ವೀಪದಲ್ಲಿ ಆಡಿಗೆ ಹೊರದಾರಿ ಇಲ್ಲ, ದೋಣಿ ಒಂದು ಪೂರ್ತಿ ಸುತ್ತು ಬರುತ್ತದೆ. ಸರೋವರದಲ್ಲಿ ಆಡು ಸುತ್ತು ಬರುತ್ತದೆ, ದೋಣಿಗೆ ಹೊರದಾರಿ ಇಲ್ಲ. ಪರ್ಯಾಯ ದ್ವೀಪದ ತುದಿಯಲ್ಲಿ ನಿಂತ ಆಡಿಗೆ ಮೂರು ಕಡೆ ನೀರು, ಒಂದೇ ಕಡೆ ದಾರಿ. ಕೊಲ್ಲಿಯೊಳಗೆ ಹೋದ ದೋಣಿಗೂ ಹೊರಬರಲು ಒಂದೇ ಬಾಯಿ. ಭೂಸಂಧಿಯಲ್ಲಿ ಆಡು ದಾಟುತ್ತದೆ, ದೋಣಿ ನಿಂತುಬಿಡುತ್ತದೆ. ಜಲಸಂಧಿಯಲ್ಲಿ ದೋಣಿ ದಾಟುತ್ತದೆ, ಆಡು ನಿಂತುಬಿಡುತ್ತದೆ.

ಭೂಸಂಧಿಯ ಮುಂದೆ ಕುಳಿತ ಮಗು ಬೇಗ ಅಥವಾ ತಡವಾಗಿ ಚಾಕು ಕೈಗೆತ್ತಿಕೊಂಡು ಸೊಂಟವನ್ನು ಸೀಳಲು ಹೋಗುತ್ತದೆ. ದೋಣಿಗೆ ದಾರಿ ಬೇಕಲ್ಲ! ತಡೆಯಬೇಡಿ. ಮನುಷ್ಯರೂ ಅದನ್ನೇ ಮಾಡಿದ್ದಾರೆ: ಸೂಯೆಜ್ ಕಾಲುವೆ 1869ರಲ್ಲಿ ತೆರೆಯಿತು, ಸುಮಾರು 80 ಕಿಲೋಮೀಟರ್ ಉದ್ದದ ಪನಾಮಾ ಕಾಲುವೆ 1914ರಲ್ಲಿ. ಸೀಳಿದ ಮೇಲೆ "ಈಗ ಆಡು ಏನು ಮಾಡಬೇಕು?" ಎಂದಷ್ಟೇ ಕೇಳಿ. ಐಸ್‌ಕ್ರೀಮ್ ಕಡ್ಡಿಯೊಂದು ಸೇತುವೆಯಾಗಿ ಬರುತ್ತದೆ.

ತಟ್ಟೆಯ ಗೋಡೆ ಹತ್ತಿ ಆಡು ಹೊರಗೆ ಹೋಗುತ್ತದೆ ಎಂದು ಮಗು ಹೇಳಿದರೆ ಅದನ್ನು ಗಮನಿಸಬೇಕು. ಗೋಡೆಯನ್ನು ಅದು ದಡವೆಂದು ತಿಳಿದಿದೆ. "ಇಲ್ಲಿಂದಾಚೆಗೂ ನೀರೇ ಇದೆ, ನಮ್ಮ ತಟ್ಟೆ ಚಿಕ್ಕದು" ಎಂದು ಒಮ್ಮೆ ಬಿಡಿಸಿ ಹೇಳಿ.

ಹಂತ 6: ನೀರು ಹೀರಿ ಬುಡ ತೋರಿಸುವುದು

ಬಹುತೇಕರು ಬಿಟ್ಟುಬಿಡುವ ಹಂತವಿದು. ಮಗುವಿಗೆ ಸ್ಪಂಜು ಕೊಡಿ, ದ್ವೀಪದ ತಟ್ಟೆಯ ನೀರನ್ನು ಅದ್ದಿ ಹಿಂಡಿ ಖಾಲಿ ಮಾಡಲಿ. ಆಮೇಲೆ ದ್ವೀಪದ ನೆತ್ತಿಯ ಮೇಲೆ ಬೆರಳಿಟ್ಟು ಬದಿಯಿಂದ ಕೆಳಗಿಳಿಸಿ ತಟ್ಟೆಯ ತಳಕ್ಕೆ ಮುಟ್ಟಿಸಿ. ಕಂಡದ್ದು ಅರ್ಧ, ನೀರಿನೊಳಗಿದ್ದದ್ದು ಇನ್ನರ್ಧ. ಮರುದಿನ ನೀರು ತುಂಬಿ "ದ್ವೀಪದ ಕೆಳಗೆ ಏನಿದೆ?" ಎಂದು ಕೇಳಿ. "ನೀರು" ಎಂಬ ಉತ್ತರ ಬಂದರೆ ಈ ಹಂತವನ್ನೇ ಮತ್ತೆ ಮಾಡಿ, ಮುಂದಕ್ಕೆ ಹೋಗಬೇಡಿ.

ಹಂತ 7: ಹೆಸರು

ಒಂದು ದಿನಕ್ಕೆ ಒಂದು ಜೋಡಿ, ಎರಡೇ ಹೆಸರು. ಮೂರು ಹೆಜ್ಜೆ ಇಡಿ. ಮೊದಲು ಮುಟ್ಟಿ ಹೇಳುವುದು: "ಇದು ದ್ವೀಪ. ಇದು ಸರೋವರ." ನಂತರ ಕೇಳುವುದು: "ದ್ವೀಪ ಎಲ್ಲಿದೆ ತೋರಿಸು." "ಆಡನ್ನು ಸರೋವರದ ದಡಕ್ಕೆ ಕರೆದುಕೊಂಡು ಹೋಗು." ಈ ಎರಡನೆಯ ಹೆಜ್ಜೆಯಲ್ಲಿ ಧಾರಾಳವಾಗಿ ಕಾಲ ಕಳೆಯಿರಿ. ಕೊನೆಯಲ್ಲಿ ಮಾತ್ರ "ಇದು ಏನು?" ಎಂದು ಕೇಳುವುದು. ನೇರವಾಗಿ ಮೂರನೆಯದಕ್ಕೆ ಹಾರಿದರೆ ಪಾಠ ಪರೀಕ್ಷೆಯಾಗುತ್ತದೆ. ತಪ್ಪಿದರೆ ತಿದ್ದಬೇಡಿ, ನಾಳೆ ಮೊದಲನೆಯ ಹೆಜ್ಜೆಯಿಂದ ತೊಡಗಿ.

ಕನ್ನಡದ ಪದಗಳಲ್ಲೇ ಕೆಲವು ಮುಳ್ಳುಗಳೂ ಕೆಲವು ಮುತ್ತುಗಳೂ ಇವೆ. ನಡುಗಡ್ಡೆ ಎಂಬ ಮಾತಿನಲ್ಲಿ ಚಿತ್ರವೇ ಇದೆ, ದ್ವೀಪದ ಜೊತೆಗೆ ಅದನ್ನೂ ಬಳಸಿ. ಪರ್ಯಾಯ ದ್ವೀಪ ಎಂದೊಡನೆ ಮಗು "ದ್ವೀಪ" ಎಂಬಷ್ಟನ್ನೇ ಕೇಳಿಸಿಕೊಳ್ಳುತ್ತದೆ. ಆದ್ದರಿಂದ ಆಡು ನೆಲದ ದಾರಿಯಲ್ಲಿ ಹೊರಬಂದ ಮೇಲೆಯೇ ಆ ಹೆಸರು ಹೇಳಿ. ದ್ವೀಪ ಕಲಿತು ಕನಿಷ್ಠ ಒಂದು ವಾರವಾದರೂ ಕಳೆದಿರಲಿ.

ಭೂಸಂಧಿ, ಜಲಸಂಧಿ ಕೇಳಿದ ಮಕ್ಕಳಿಗೆ ಮನೆಯಲ್ಲಿ ಕೇಳಿದ "ಸಂದಿ" ನೆನಪಾಗುತ್ತದೆ: ಬಾಗಿಲ ಸಂದಿ, ಗೋಡೆಯ ಸಂದಿ. ಜಲಸಂಧಿಗೆ ಆ ಅರ್ಥ ಹೇಗೋ ಹೊಂದಿಬಿಡುತ್ತದೆ, ಭೂಸಂಧಿಯಲ್ಲಿ ದಾರಿ ತಪ್ಪಿಸುತ್ತದೆ. ಸಂಧಿ ಎಂದರೆ ಸೇರುವುದು ಎಂದು ಕೈಯಿಂದ ತೋರಿಸಿ. ಎರಡು ನೆಲ ಸೇರಿದರೆ ಭೂಸಂಧಿ, ಎರಡು ನೀರು ಸೇರಿದರೆ ಜಲಸಂಧಿ. ಕೊಲ್ಲಿಯ ವಿಷಯದಲ್ಲಿ, ಅಗಲ ಬಾಯಿಯ ಬಂಗಾಳ ಕೊಲ್ಲಿಗೂ ಇಕ್ಕಟ್ಟು ಬಾಯಿಯ ಪರ್ಷಿಯನ್ ಕೊಲ್ಲಿಗೂ ನಾವು ಒಂದೇ ಪದ ಬಳಸುತ್ತೇವೆ. ಈ ವಯಸ್ಸಿಗೆ ಅದು ಅನುಕೂಲವೇ, ಬೇರೆ ಬೇರೆ ಮಾಡಲು ಹೋಗಬೇಡಿ. ಸರೋವರವನ್ನು ಕೆರೆ ಎಂದು ಮಗು ಕರೆದರೆ ಒಪ್ಪಿಕೊಂಡು, ಕೆರೆಗೆ ಜನ ಏರಿ ಕಟ್ಟಿರುತ್ತಾರೆ ಎಂದು ಸೇರಿಸಿ.

ಹಂತ 8: ಮೇಲಿನಿಂದ ನೋಡುವುದು

ಮಾದರಿ ಅರ್ಥವಾಗಿದೆ, ನಕ್ಷೆ ಅರ್ಥವಾಗುತ್ತಿಲ್ಲ ಎನ್ನುವವರು ಈ ಹಂತವನ್ನು ಹಾರಿಸಿರುತ್ತಾರೆ. ತಟ್ಟೆಯನ್ನು ನೆಲದ ಮೇಲಿಟ್ಟು ಮಗು ನಿಂತು ನೇರವಾಗಿ ಕೆಳಗೆ ನೋಡಲಿ. ತಟ್ಟೆಯ ಮೇಲೆ ಪಾರದರ್ಶಕ ಹಾಳೆ ಹಾಸಿ. ನೀರು ನೆಲಕ್ಕೆ ತಾಗುವ ಗೆರೆಯನ್ನು ಮಗು ಮಾರ್ಕರಿನಿಂದ ಬರೆಯಲಿ. ಹಾಳೆಯನ್ನು ಎತ್ತಿ ಬಿಳಿ ಕಾಗದದ ಮೇಲಿಟ್ಟರೆ ಮಗುವೇ ಬರೆದ ನಕ್ಷೆ ಅಲ್ಲಿರುತ್ತದೆ. ಆ ಗೆರೆಯನ್ನು ಕಾಗದಕ್ಕೆ ಇಳಿಸಿ ನೆಲಕ್ಕೆ ಕಂದು, ನೀರಿಗೆ ನೀಲಿ ತುಂಬಲಿ. ಬಣ್ಣದ ರೂಢಿ ಈಗ ಹುಟ್ಟುತ್ತದೆ. ಬಳಿದ ಕಾಗದವನ್ನು ಮಾದರಿಯ ಪಕ್ಕದಲ್ಲಿಟ್ಟು ಹೊಂದಿಸುವ ಆಟ ಒಂದೆರಡು ದಿನ ನಡೆಯಲಿ.

ಹಂತ 9: ನಕ್ಷೆಗೆ ಹೋಗುವುದು

ನೆಲ ಒಂದು ಬಣ್ಣ, ನೀರು ಒಂದು ಬಣ್ಣ ಇರುವ ನಕ್ಷೆ ಅಥವಾ ಗೋಳವೇ ಬೇಕು. ದೇಶಕ್ಕೊಂದು ಬಣ್ಣದ ನಕ್ಷೆಯಲ್ಲಿ ಗಡಿಗಳೆಲ್ಲ ದಡದಂತೆ ಕಾಣುತ್ತವೆ. ಸುತ್ತಲೂ ನೆಲವೇ ಇರುವ ಮಂಗೋಲಿಯಾವನ್ನು ಮಗು "ದ್ವೀಪ" ಎಂದರೆ ತಪ್ಪು ನಕ್ಷೆಯದು.

ದ್ವೀಪಕ್ಕೆ ಶ್ರೀಲಂಕಾ, ಮಡಗಾಸ್ಕರ್. ಪರ್ಯಾಯ ದ್ವೀಪಕ್ಕೆ ಇಟಲಿ, ದಕ್ಷಿಣ ಭಾರತ. ಭೂಸಂಧಿಗೆ ಪನಾಮಾ. ಜಲಸಂಧಿಗೆ ಭಾರತ ಮತ್ತು ಶ್ರೀಲಂಕಾ ನಡುವಿನ ಪಾಕ್, ಸ್ಪೇನ್ ಮತ್ತು ಮೊರೊಕ್ಕೊ ನಡುವಿನ ಜಿಬ್ರಾಲ್ಟರ್. ಭೂಶಿರಕ್ಕೆ ಕನ್ಯಾಕುಮಾರಿ. ದ್ವೀಪಸಮೂಹಕ್ಕೆ ಲಕ್ಷದ್ವೀಪ, ಇಂಡೊನೇಷ್ಯಾ. ಸರೋವರಕ್ಕೆ ಕ್ಯಾಸ್ಪಿಯನ್ ತೋರಿಸುವಾಗ ಹೆಸರಿನಲ್ಲಿ ಸಮುದ್ರವಿದ್ದರೂ ದೋಣಿ ಪರೀಕ್ಷೆ ಮಾಡಿಸಿ. ಸುತ್ತಲೂ ನೆಲವೇ ಇರುವುದನ್ನು ಮಗು ತಾನೇ ಕಂಡುಹಿಡಿಯುತ್ತದೆ. ಹೆಸರುಗಳನ್ನು ಬಾಯಿಪಾಠ ಮಾಡಿಸಬೇಡಿ. ಬೆರಳು ದಡದ ಮೇಲೆ ಸಾಗಲಿ, ತಟ್ಟೆಯಲ್ಲಿ ಸಾಗಿದಂತೆಯೇ.

ಹಂತ 10: ನೀರು ಏರಿದರೆ

ಮೂರು ಜೋಡಿಗಳೂ ಗಟ್ಟಿಯಾದ ಮೇಲೆ ಮಾತ್ರ ಇದನ್ನು ಮಾಡಿ. ಮೊದಲೇ ಮಾಡಿದರೆ ಕಲಿತದ್ದು ಕದಡುತ್ತದೆ. ಭೂಸಂಧಿಯ ಸೊಂಟವನ್ನು ಒತ್ತಿ ಅದರ ಎತ್ತರವನ್ನು 1.2 ಸೆಂಟಿಮೀಟರಿಗೆ ಇಳಿಸಿ, ಎರಡು ಬದಿಯ ನೆಲ 2 ಸೆಂಟಿಮೀಟರ್ ಎತ್ತರವೇ ಇರಲಿ. ಎಂದಿನಂತೆ 1 ಸೆಂಟಿಮೀಟರ್ ನೀರು ಹಾಕಿದರೆ ಅದು ಭೂಸಂಧಿ. ಇನ್ನು ಅರ್ಧ ಸೆಂಟಿಮೀಟರ್ ಏರಿಸಿದರೆ ಸೊಂಟ ಮುಳುಗಿ ಅದೇ ತಟ್ಟೆ ಜಲಸಂಧಿಯಾಗುತ್ತದೆ. ಹಿಮಯುಗ ಮುಗಿದು ಸಮುದ್ರ ಏರಿದಾಗ ಬ್ರಿಟನ್ ಯೂರೋಪಿನ ನೆಲದಿಂದ ಬೇರೆಯಾಗಿ ದ್ವೀಪವಾದದ್ದೂ ಹೀಗೆಯೇ, ಸುಮಾರು 8,000 ವರ್ಷಗಳ ಹಿಂದೆ. ನೀರು ಏರಿಸುವ ಮೊದಲು ಆಡನ್ನು ಮಗುವಿನ ಕೈಗೆ ಕೊಟ್ಟು, ಯಾವ ಬದಿಯಲ್ಲಿ ನಿಲ್ಲಿಸಬೇಕೆಂದು ಅದೇ ತೀರ್ಮಾನಿಸಲು ಬಿಡಿ.